ಕೋವಿಯ ತೋಟೆ ಸಿಡಿಯದಿದ್ದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಮುಳ್ಳೇರಿಯ ಹತ್ತಿರ ಅಡಿಕೆ ತೋಟ. ಬೆಳೆ ಕಾಯಲು ಲೈಸೆನ್ಸ್ ಇರುವ 12 ಬೋರ್ ಕೋವಿ ಇದೆ. ಮೊನ್ನೆ ಟ್ರಿಗರ್ ಎಳೆದಾಗ ಬರೀ ‘ಟಕ್’ ಅಂತು. ತಮ್ಮ ಕೂಡಲೇ ಕೋವಿ ತೆರೆದು ತೋಟೆ ತೆಗೆದ. ಇದು ಸರೀನಾ?

ಉತ್ತರ: ದಯವಿಟ್ಟು ಇನ್ನು ಹಾಗೆ ಮಾಡಬೇಡಿ. ತೇವ ಹಿಡಿದ ತೋಟೆ ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ, ಆಗ ಕೋವಿ ತೆರೆದಿದ್ದರೆ ಕೈ, ಕಣ್ಣು ಎರಡಕ್ಕೂ ಅಪಾಯ. ಕೋವಿಯ ಬಾಯಿಯನ್ನು ಯಾರೂ ಇಲ್ಲದ ಕಡೆ ಹಿಡಿದು ಕಡಿಮೆ ಅಂದ್ರೂ 30 ಸೆಕೆಂಡ್ ಕಾಯಿರಿ. ಆಮೇಲೆ ತೆಗೆಯಿರಿ. ಅದೇ ತೋಟೆಯನ್ನು ಮತ್ತೆ ಹಾಕಬೇಡಿ.

ಇದಕ್ಕಿಂತ ನನಗೆ ಜಾಸ್ತಿ ಭಯ ‘ಟುಸ್’ ಅನ್ನುವ ಸಣ್ಣ ಸದ್ದಿನದು. ತೋಟೆಯೊಳಗೆ ಮದ್ದು ಮತ್ತು ಚರೆಯ ನಡುವೆ ಇರುವ ಬಿರಡೆ ನಳಿಗೆಯಲ್ಲೇ ಸಿಕ್ಕಿರಬಹುದು, ಅದನ್ನು ನೋಡದೆ ಮುಂದಿನ ಈಡು ಹೊಡೆದರೆ ನಳಿಗೆಯೇ ಒಡೆಯುತ್ತದೆ. ಕೋವಿ ಖಾಲಿ ಮಾಡಿ, ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ.

20 ಬೋರ್ ತೋಟೆಯನ್ನು (ಸಂಖ್ಯೆ ದೊಡ್ಡದಾದರೂ ಗಾತ್ರ 12 ಬೋರಿಗಿಂತ ಸಣ್ಣದು) 12 ಬೋರಿನದರ ಜೊತೆ ಒಂದೇ ಚೀಲದಲ್ಲಿ ಇಡಲೇಬೇಡಿ. ಅದು 12 ಬೋರಿನೊಳಗೆ ಜಾರಿ ಮುಂದೆ ಹೋಗಿ ಕೂರುತ್ತದೆ, ಕೋವಿ ಖಾಲಿ ಇದ್ದಂತೆ ಕಾಣುತ್ತದೆ. ಅದರ ಹಿಂದೆ ಇನ್ನೊಂದು ತೋಟೆ ಹಾಕಿ ಹೊಡೆದರೆ ಮತ್ತೆ ನಳಿಗೆ ಒಡೆಯುವ ಅಪಾಯ. 20 ಬೋರಿನವು ಸಾಮಾನ್ಯವಾಗಿ ಹಳದಿ ಬಣ್ಣಕ್ಕೆ ಇರುವುದು ಇದೇ ಕಾರಣಕ್ಕೆ.

ನಮ್ಮ ಕಡೆಯ ಮಳೆಗೆ ತೋಟೆಯನ್ನು ಅಟ್ಟದಲ್ಲಿ ಸುಮ್ನೆ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಬೀಗ ಹಾಕಿ.