ಚಾರ್ಟರ್ ಶಾಲೆ ಸರ್ಕಾರಿಯಾ, ಖಾಸಗಿಯಾ?

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಬರ್ತಿದ್ದೀರಿ, ಮನೆ ಹತ್ತಿರ ಚಾರ್ಟರ್ ಶಾಲೆ ಇದೆ, ಅದು ಖಾಸಗಿಯಾ, ಫೀಸ್ ಎಷ್ಟು ಅಂತ ಕೇಳಿದ್ದೀರಿ. ಫೀಸ್ ಇಲ್ಲ. ಸರ್ಕಾರದ ದುಡ್ಡಲ್ಲೇ ನಡೆಯುವ ಶಾಲೆ ಅದು, ಆದರೆ ನಡೆಸುವವರು ಡಿಸ್ಟ್ರಿಕ್ಟ್‌ನವರಲ್ಲ (ಅಂದ್ರೆ ಆಯಾ ಪ್ರದೇಶದ ಮಾಮೂಲಿ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ), ಬೇರೆ ಸಂಸ್ಥೆ. ನಮ್ಮೂರಿನ ಅನುದಾನಿತ ಶಾಲೆ ಇದೆಯಲ್ಲ, ಹೆಚ್ಚುಕಮ್ಮಿ ಹಾಗೆ. ಇಲ್ಲಿ ಮಾತ್ರ ಶಾಲೆ ನಡೆಸೋಕೆ ಮಾಡಿಕೊಳ್ಳುವ ಒಪ್ಪಂದಕ್ಕೆ, ಅಂದ್ರೆ ಚಾರ್ಟರ್‌ಗೆ, ಅವಧಿ ಇರುತ್ತೆ. ಅರಿಜೋನಾದಲ್ಲಿ ಮೊದಲ ಸಲ 15 ವರ್ಷ, ಐದು ವರ್ಷಕ್ಕೊಮ್ಮೆ ಪರಿಶೀಲನೆ. ಸರಿಯಾಗಿ ನಡೆಸದಿದ್ದರೆ ಬಾಗಿಲು ಹಾಕಿಸಬಹುದು.

ಸೀಟಿಗೆ ಪ್ರವೇಶ ಪರೀಕ್ಷೆ ಇಡುವ ಹಾಗಿಲ್ಲ. ಅರ್ಜಿ ಜಾಸ್ತಿ ಬಂದರೆ ಲಾಟರಿ. ಅಣ್ಣನೋ ಅಕ್ಕನೋ ಅಲ್ಲೇ ಓದ್ತಿದ್ದರೆ ತಮ್ಮ ತಂಗಿಯರಿಗೆ ಮೊದಲ ಆದ್ಯತೆ ಸಿಗುತ್ತೆ.

ಬಸ್ ಇದೆಯಾ ಅಂತ ಮೊದಲೇ ಕೇಳಿ. ತುಂಬಾ ಕಡೆ ಇರಲ್ಲ, ನನ್ನ ಮಗಳ ಶಾಲೆಯಲ್ಲೂ ಇಲ್ಲ. ಆಗಸ್ಟ್ ಬಿಸಿಲಲ್ಲಿ ಮಗುವಿನ ಹೆಸರು ಬರೆದ ಕಾರ್ಡನ್ನು ಗಾಜಿನ ಹಿಂದೆ ಇಟ್ಕೊಂಡು, ಎಸಿ ಹಾಕ್ಕೊಂಡು, ಮುಂದಿನ ಕಾರು ಯಾವಾಗ ಸರಿಯುತ್ತಪ್ಪಾ ಅಂತ ಮಗಳನ್ನು ಕರೆತರೋಕೆ ದಿನಾ ಸಾಲಲ್ಲಿ ಕೂತಿರ್ತೀನಿ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರಾದರೆ ಇದು ಸಣ್ಣ ಮಾತಲ್ಲ.

ಇನ್ನು, ಚಾರ್ಟರ್ ಅಂದ ಮಾತ್ರಕ್ಕೆ ಒಳ್ಳೆ ಶಾಲೆ ಅಂತ ನಮ್ಮವರಲ್ಲಿ ಒಂದು ನಂಬಿಕೆ ಇದೆ. ಸುಮ್ನೆ ನಂಬಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2009ರಲ್ಲಿ ಮಾಮೂಲಿ ಸರ್ಕಾರಿ ಶಾಲೆಗಳ ಜೊತೆ ಗಣಿತದ ಫಲಿತಾಂಶ ಹೋಲಿಸಿದಾಗ ಶೇ 17ರಷ್ಟು ಚಾರ್ಟರ್‌ಗಳು ಮಾತ್ರ ಮುಂದಿದ್ದವು, ಶೇ 37ರಷ್ಟು ಹಿಂದೆ ಬಿದ್ದಿದ್ದವು. 2023ರ ಹೊತ್ತಿಗೆ ಸರಾಸರಿಯಲ್ಲಿ ಚಾರ್ಟರ್‌ಗಳು ತುಸು ಮೇಲೆ ಬಂದಿವೆ, ನಿಜ, ಆದರೆ ಬರೀ ಆನ್‌ಲೈನ್‌ನಲ್ಲಿ ನಡೆಯುವ ಚಾರ್ಟರ್‌ಗಳು ಆಗಲೂ ತುಂಬಾ ಹಿಂದೆಯೇ.

ಜಗಳ ಇರೋದು ದುಡ್ಡಿನ ಬಗ್ಗೆ. ಮಗು ಹೋದ ಕಡೆ ರಾಜ್ಯದ ದುಡ್ಡೂ ಹೋಗುತ್ತೆ. ಒಂದೊಂದು ತರಗತಿಯಿಂದ ಮೂರು ಮಕ್ಕಳು ಬಿಟ್ಟುಹೋದರೆ ಡಿಸ್ಟ್ರಿಕ್ಟ್‌ಗೆ ಟೀಚರ್ ಸಂಬಳ, ಕಟ್ಟಡ, ಬಸ್ ಯಾವುದೂ ಕಡಿಮೆಯಾಗಲ್ಲ, ಬರುವ ಹಣ ಮಾತ್ರ ಕಡಿಮೆಯಾಗುತ್ತೆ. ಡಿಸ್ಟ್ರಿಕ್ಟ್‌ನವರ ಈ ದೂರು ನ್ಯಾಯವಾದದ್ದೇ ಅನ್ನಿಸುತ್ತೆ ನನಗೆ. ತಮಾಷೆ ಅಂದರೆ, 1988ರಲ್ಲಿ ಚಾರ್ಟರ್ ಶಾಲೆಯ ಯೋಚನೆಯನ್ನು ದೊಡ್ಡದಾಗಿ ಎತ್ತಿದ್ದೇ ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್. ಟೀಚರ್‌ಗಳೇ ಹೊಸ ಪ್ರಯೋಗ ಮಾಡಲಿ ಅನ್ನೋದು ಅವರ ಆಸೆ. ಮಿನೆಸೋಟಾ 1991ರಲ್ಲಿ ಮೊದಲ ಕಾನೂನು ತಂದಿತು. ಆಮೇಲೆ ಕಂಪನಿಗಳು ಒಳಗೆ ಬರೋದು ನೋಡಿ ಶಾಂಕರ್ ಅವರೇ ವಿರೋಧಕ್ಕೆ ನಿಂತರು. ಆದರೂ ಒಳ್ಳೆ ಡಿಸ್ಟ್ರಿಕ್ಟ್‌ನಲ್ಲಿ ದುಬಾರಿ ಮನೆ ಕೊಳ್ಳೋಕಾಗದವರಿಗೆ ಇನ್ನೊಂದು ದಾರಿ ಸಿಕ್ಕಿದ್ದಂತೂ ಹೌದು, ಅಲ್ವಾ?

ನೀವು ಅರ್ಜಿ ಹಾಕಿ. ಜೊತೆಗೆ ನಿಮ್ಮ ವಿಳಾಸಕ್ಕೆ ಸೇರಿದ ಡಿಸ್ಟ್ರಿಕ್ಟ್ ಶಾಲೆಯಲ್ಲೂ ಹೆಸರು ಬರೆಸಿಡಿ. ಲಾಟರಿಯಲ್ಲಿ ಬರದಿದ್ದರೂ ಅಲ್ಲಿ ಸೀಟು ಕೊಡಲೇಬೇಕು.