ಊಟದ ಅಂಚೆ: ಬಟ್ಟಲನ್ನ, ಕೆಂಡದ ಕಡ್ಡಿ, ನಿಮ್ಮ ಪ್ರಶ್ನೆ

ಕಳೆದ ಸಂಚಿಕೆಯಲ್ಲಿ ಜಪಾನೀ ಬಟ್ಟಲೂಟದ ಬಗ್ಗೆ ಬರೆದಿದ್ದೆ. ಬಿಸಿ ಅನ್ನದ ಮೇಲೆ ಕೋಳಿ, ಮೊಟ್ಟೆ, ತರಕಾರಿ ಏನಾದರೂ ಹಾಕಿ ಒಂದೇ ಬಟ್ಟಲಲ್ಲಿ ಕೊಡುವ ಡೊನ್‌ಬುರಿ. ಜೊತೆಗೆ ಕೋಳಿ ತುಂಡುಗಳನ್ನು ಬಿದಿರು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಯಾಕಿತೊರಿ. ಆಮೇಲೆ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಬೆಂಗಳೂರಲ್ಲಿ ಕೆಲಸಕ್ಕಿರುವ ಮಕ್ಕಳು ಅಪ್ಪ ಅಮ್ಮನನ್ನು ಇಂಥ ಹೋಟೆಲ್‌ಗೆ ಕರೆದುಕೊಂಡು ಹೋಗುತ್ತಿದ್ದಾರೆ, ಅಲ್ವಾ? ಅಂಥದ್ದೇ ಒಂದು ಅಡುಗೆಮನೆಯಲ್ಲಿ ವರ್ಷಗಟ್ಟಲೆ ಕೆಂಡದ ಮುಂದೆ ನಿಂತವಳು ನಾನು. ಈಗ ಇಲ್ಲೇ ವಿದ್ಯಾನಗರದಲ್ಲಿ ಕೇಟರಿಂಗ್ ಮಾಡಿಕೊಂಡಿದ್ದೇನೆ. ಒಳಗಿನಿಂದ ನೋಡಿದ್ದನ್ನೇ ಹೇಳುತ್ತೇನೆ.

ನಾವು ಲಿಂಗಾಯತರು, ಮೊಟ್ಟೆ ಕೂಡ ತಿನ್ನಲ್ಲ. ಮಗ ಮುಂದಿನ ತಿಂಗಳು ಜಪಾನೀ ಹೋಟೆಲ್‌ಗೆ ಕರೆದುಕೊಂಡು ಹೋಗ್ತೀನಿ ಅಂತಿದ್ದಾನೆ. "ವೆಜ್ ಇರುತ್ತೆ ಅಮ್ಮ, ಸುಮ್ನೆ ಬಾ" ಅಂತಾನೆ. ನಂಬಬಹುದಾ ಅಕ್ಕ?
*— ಗೃಹಿಣಿ, ದಾವಣಗೆರೆ*

ಮಗನ ಪ್ರೀತಿ ನಂಬಿ ಅಮ್ಮ. ಮೆನು ಕಾರ್ಡನ್ನು ಮಾತ್ರ ಕೇಳದೆ ನಂಬಬೇಡಿ. ಈ ಅಡುಗೆಯಲ್ಲಿ ಮೀನು ಕಣ್ಣಿಗೆ ಕಾಣುವುದಿಲ್ಲ, ಸಾರಿನಲ್ಲಿ ಕರಗಿರುತ್ತದೆ. ಜಪಾನಿನ ಬಹುಪಾಲು ಅಡುಗೆಗೆ ತಳಹದಿ ದಾಶಿ ಎಂಬ ತಿಳಿ ಸಾರು. ಕೊಂಬು ಎಂಬ ಕಡಲ ಪಾಚಿಯನ್ನು ನೀರಲ್ಲಿ ನೆನೆಸಿ ಕಾಯಿಸುತ್ತಾರೆ. ಅದಕ್ಕೆ ಒಣಗಿಸಿ, ಹೊಗೆಯಾಡಿಸಿ, ಕಟ್ಟಿಗೆಯಷ್ಟು ಗಟ್ಟಿ ಮಾಡಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು ಹಾಕಿ ಸೋಸುತ್ತಾರೆ. ಹುದುಗಿಸಿದ ಸೋಯಾ ಹಿಟ್ಟು ಕದಡಿ ಮಾಡುವ ಮಿಸೊ ಸೂಪಿನಲ್ಲಿ ಸಾಮಾನ್ಯವಾಗಿ ಇದೇ ಸಾರು. ಕರಿದ ತೋಫು, ಅಂದರೆ ಸೋಯಾ ಪನೀರಿನ ಸುತ್ತ ನಿಂತಿರುವ ರಸವೂ ಇದೇ. ತರಕಾರಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿದ ಟೆಂಪುರ ಜೊತೆ ಅದ್ದಿಕೊಳ್ಳಲು ಕೊಡುವ ಸಾಸಿಗೂ ಇದನ್ನೇ ಬಳಸುತ್ತಾರೆ. ಟೆಂಪುರ ಹಿಟ್ಟಿಗೆ ಹಲವು ಕಡೆ ಮೊಟ್ಟೆ ಸೇರಿಸುತ್ತಾರೆ. ಸೀಗಡಿ ಕರಿದ ಎಣ್ಣೆಯಲ್ಲೇ ಬದನೆಕಾಯಿ ಕರಿಯುವುದೂ ಉಂಟು.

ಇನ್ನು ಕಡ್ಡಿ. ಅಣಬೆ, ದಪ್ಪ ಮೆಣಸಿನಕಾಯಿ, ಈರುಳ್ಳಿ ಕಡ್ಡಿಗಳು ಮೆನುವಿನಲ್ಲಿ ಇರುತ್ತವೆ, ನೋಡಲು ಪೂರ್ತಿ ಸಸ್ಯಾಹಾರ. ಆದರೆ ಕೆಂಡದ ಪಕ್ಕದಲ್ಲಿ ತಾರೆ ಎಂಬ ಸಿಹಿ ಸೋಯಾ ಸಾಸಿನ ಪಾತ್ರೆ ಇರುತ್ತದೆ. ಅರ್ಧ ಬೆಂದ ಕೋಳಿ ಕಡ್ಡಿಯನ್ನು ಅದರಲ್ಲಿ ಅದ್ದಿ ಮತ್ತೆ ಕೆಂಡಕ್ಕೆ ಇಡುತ್ತೇವೆ. ದಿನವಿಡೀ ಇದೇ ನಡೆಯುತ್ತದೆ. ಸಾಸ್ ಕಡಿಮೆಯಾದರೆ ಹೊಸದನ್ನು ಅದರ ಮೇಲೇ ಸುರಿಯುತ್ತೇವೆ. ಕೋಳಿಯ ರಸ ಇಳಿದಷ್ಟೂ ಅದರ ರುಚಿ ಜಾಸ್ತಿ ಅಂತಲೇ ಲೆಕ್ಕ. ನಿಮ್ಮ ಅಣಬೆ ಕಡ್ಡಿಯನ್ನೂ ಅದೇ ಪಾತ್ರೆಯಲ್ಲಿ ಅದ್ದಿದರೆ? ಕೆಲಸದವರು ಮೋಸ ಮಾಡಬೇಕೆಂದು ಹೀಗೆ ಮಾಡುವುದಿಲ್ಲ. ಅವರು ಕಲಿತಿರುವ ಪದ್ಧತಿಯೇ ಅದು.

ಹಾಗಾಗಿ ಮಗನಿಗೆ ಹಿಂದಿನ ದಿನವೇ ಫೋನ್ ಮಾಡಿ ಕೇಳಲು ಹೇಳಿ. ದಾಶಿಗೆ ಮೀನು ಹಾಕುತ್ತೀರಾ, ಬರೀ ಕೊಂಬು ಮತ್ತು ಒಣ ಶಿಟಾಕೆ ಅಣಬೆಯದು ಮಾಡಿಕೊಡುತ್ತೀರಾ? ತರಕಾರಿ ಕಡ್ಡಿಯನ್ನು ಬೇರೆ ಹಂಚಿನ ಮೇಲೆ, ಉಪ್ಪು ಮಾತ್ರ ಹಾಕಿ ಕೊಡುತ್ತೀರಾ? ಹಿಟ್ಟಿಗೆ ಮೊಟ್ಟೆ ಇದೆಯಾ? ಇಷ್ಟು ಕೇಳಿದರೆ ಸಾಕು. ಅಣಬೆ ಸಾರಿನ ಪದ್ಧತಿ ಜಪಾನಿನಲ್ಲಿ ಹೊಸದೇನಲ್ಲ. ಅಲ್ಲಿನ ಬೌದ್ಧ ಮಠಗಳ ಅಡುಗೆಗೆ ಶೋಜಿನ್ ರ್ಯೋರಿ ಎನ್ನುತ್ತಾರೆ. ಅದಕ್ಕೆ ಮೀನು, ಮಾಂಸ ಸೋಕುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯನ್ನೂ ದೂರ ಇಡುತ್ತಾರೆ. ಹೋಟೆಲ್‌ನವರು ತಡವರಿಸಿದರೆ ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಯಿ, ಬಿಳಿ ಅನ್ನ, ಮೇಲೆ ಏನೂ ಸುರಿಯದ ತಣ್ಣನೆಯ ತೋಫು ಹೇಳಿ. ತೋಫು ಮೇಲೆ ಮೀನಿನ ಹೆರೆ ಉದುರಿಸುವ ರೂಢಿ ಇದೆ, ಬೇಡ ಅಂತ ಮೊದಲೇ ತಿಳಿಸಿ. ಕೇಳಲು ಸಂಕೋಚ ಬೇಡ ಅಮ್ಮ. ಕೇಳುವ ಗಿರಾಕಿ ಬಂದರೆ ನಾವು ಅಡುಗೆಯವರು ಎಚ್ಚರವಾಗಿ ಮಾಡುತ್ತೇವೆ.

ನಾನು ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಮೊಮ್ಮಗಳು ಕರೆಯುತ್ತಿದ್ದಾಳೆ. ಅದು ದುಡ್ಡಿರುವ ದೊಡ್ಡವರ ಊಟವಲ್ಲವೇ? ನಮ್ಮಂಥವರಿಗೆ ಒಗ್ಗೀತೇ?
*— ಓದುಗರು, ದಾವಣಗೆರೆ*

ನಿಮ್ಮಂಥವರ ಊಟವೇ ಅದು ಸರ್. 1899ರಲ್ಲಿ ಟೋಕಿಯೋದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ ಯೊಶಿನೊಯಾ ಎಂಬ ಅಂಗಡಿ ಶುರುವಾಯಿತು. ಅಲ್ಲಿ ಬೆಳಗಿನಿಂದ ಮೈಮುರಿದು ದುಡಿಯುವವರಿಗೆ ಬೇಗ ಸಿಗುವ, ಹೊಟ್ಟೆ ತುಂಬುವ ಊಟ ಬೇಕಿತ್ತು. ಅನ್ನದ ಮೇಲೆ ಬೇಯಿಸಿದ ಮಾಂಸ ಹಾಕಿ ಕೊಟ್ಟರು. ಈಗ ಅದಕ್ಕೆ ಜಪಾನಿನ ಉದ್ದಗಲಕ್ಕೂ ಅಂಗಡಿಗಳಿವೆ. ಪಾಳಿ ಮುಗಿಸಿ ಬಂದವರು ಒಬ್ಬರೇ ಕೂತು, ತಿಂದು, ಎದ್ದು ಹೋಗುತ್ತಾರೆ. ಬೆಂಗಳೂರಲ್ಲಿ ಬೆಲೆ, ದೀಪ, ಕುರ್ಚಿ ಎಲ್ಲ ಬೇರೆಯಾಗಿರಬಹುದು. ನೀವು ಪಂಚೆ ಉಟ್ಟೇ ಹೋಗಿ.

ಒಂದು ಮಾತು ಮಾತ್ರ ಗಮನದಲ್ಲಿರಲಿ. ಯೊಶಿನೊಯಾದ ಆ ಬಟ್ಟಲೂಟದ ಹೆಸರು ಗ್ಯೂಡಾನ್, ಅದು ದನದ ಮಾಂಸದ್ದು. ಕಾಟ್ಸುಡಾನ್ ಹಂದಿಯದು. ಕೋಳಿ, ಮೊಟ್ಟೆ ಸೇರಿಸಿದ್ದು ಓಯಾಕೊಡಾನ್. ಹೆಸರು ನೋಡಿ ಹೇಳಿ.

ಯಾಕಿತೊರಿ ಅಂದರೆ ನಮ್ಮ ಚಿಕನ್ ಕಬಾಬ್ ತಾನೆ? ಹತ್ತು ಬಗೆ ಬರೆದಿದ್ದಾರೆ. ಯಾವುದು ಹೇಳೋದು?
*— ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ*

ಅಲ್ಲ ತಮ್ಮಾ. ನಮ್ಮ ಕಬಾಬ್ ಮಸಾಲೆಯಲ್ಲಿ ನೆನೆದು ಎಣ್ಣೆಯಲ್ಲಿ ಕರಿದದ್ದು. ಯಾಕಿತೊರಿಗೆ ಮೊದಲೇ ಮಸಾಲೆ ಹಚ್ಚುವುದಿಲ್ಲ. ಕೋಳಿ ತಾಜಾ ಇಲ್ಲದಿದ್ದರೆ ಅಡಗಿಸಲು ಏನೂ ಇಲ್ಲ. ತುತ್ತಿನ ಗಾತ್ರದ ತುಂಡುಗಳನ್ನು ಸಂದಿ ಬಿಡದೆ ಬಿಗಿಯಾಗಿ ಪೋಣಿಸಬೇಕು. ಸಂದಿ ಬಿಟ್ಟರೆ ಕಡ್ಡಿ ಸುಟ್ಟು ಹೋಗುತ್ತದೆ. ಆಮೇಲೆ ಕೆಂಡದ ಮೇಲೆ ತಿರುಗಿಸುತ್ತಾ ನಿಲ್ಲಬೇಕು. ಒಳ್ಳೆಯ ಅಂಗಡಿಗಳು ಬಿಂಚೊತಾನ್ ಎಂಬ ಇದ್ದಿಲು ಬಳಸುತ್ತವೆ. ವಾಕಯಾಮಾ ಪ್ರಾಂತ್ಯದ ಕಿಶು ಭಾಗದ್ದು ಹೆಸರುವಾಸಿ, ಉಬಾಮೆ ಎಂಬ ಓಕ್ ಮರದಿಂದ ಮಾಡುತ್ತಾರೆ. ಎರಡು ತುಂಡು ತಾಗಿಸಿದರೆ ಟಣ್ ಅನ್ನುತ್ತದೆ. ಉರಿ, ಹೊಗೆ ಕಡಿಮೆ. ಕಾವು ತುಂಬಾ ಹೊತ್ತು ಒಂದೇ ಸಮ ಇರುತ್ತದೆ. ಕೋಳಿಯ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ಹೊಗೆ ಇದೆಯಲ್ಲ, ಅದೇ ಇದರ ಮಸಾಲೆ. ಆ ಹೊಗೆ ಎಷ್ಟು ಬೇಕು, ಬೀಸಣಿಗೆ ಯಾವಾಗ ಬೀಸಬೇಕು ಅನ್ನುವುದನ್ನು ಕಲಿಯುವಷ್ಟರಲ್ಲಿ ನನ್ನ ಮುಂಗೈ ತುಂಬಾ ಸುಟ್ಟ ಕಲೆಗಳಾಗಿದ್ದವು. ಈಗಲೂ ಆ ಕೆಲಸ ನನಗೆ ಇಷ್ಟ.

ಮೊದಲ ಸಲ ಹೋದರೆ ಮೊಮೊ, ಅಂದರೆ ಲೆಗ್ ಮಾಂಸ, ಉಪ್ಪು ಮಾತ್ರ ಹಾಕಿದ್ದು ಹೇಳು. ಅಂಗಡಿಯ ಯೋಗ್ಯತೆ ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ಮಾಂಸ, ಈರುಳ್ಳಿ ದಂಟು ಸೇರಿಸಿ ಪೋಣಿಸಿದ ನೆಗಿಮಾ. ಕೊನೆಗೆ ಕೀಮಾ ಉಂಡೆಯ ತ್ಸುಕುನೆ, ಸಾಸಿನಲ್ಲಿ ಅದ್ದಿದ್ದು. ಲಿವರ್, ಚರ್ಮ, ಹೃದಯ ಎಲ್ಲವೂ ಸಿಗುತ್ತವೆ. ಅಪ್ಪನ ಜೊತೆ ಲಿವರ್ ಫ್ರೈ ತಿಂದು ಬೆಳೆದವನಾದರೆ ಧೈರ್ಯವಾಗಿ ಹೇಳು. ಎಲ್ಲ ಒಟ್ಟಿಗೆ ತರಿಸಬೇಡ, ಕಡ್ಡಿ ಆರಿದರೆ ರುಚಿಯೇ ಹೋಯಿತು. ಖಾಲಿ ಕಡ್ಡಿ ಹಾಕಲು ಮೇಜಿನ ಮೇಲೆ ಒಂದು ಕೊಳವೆಯಂಥ ಪಾತ್ರೆ ಇಟ್ಟಿರುತ್ತಾರೆ.

ಚಾಪ್‌ಸ್ಟಿಕ್ ಹಿಡಿಯಲು ಬಾರದು. ಕೈಯಲ್ಲಿ ಕಲಸಿ ತಿಂದರೆ ನಗ್ತಾರಾ?
*— ಶಿಕ್ಷಕಿ, ಚಳ್ಳಕೆರೆ*

ಚಮಚ ಕೇಳಿ, ಕೊಡುತ್ತಾರೆ. ಆದರೆ ಪೂರ್ತಿ ಕಲಸಬೇಡಿ ಅಂತ ನನ್ನ ಕೋರಿಕೆ. ಒಂದು ಅಂಚಿನಿಂದ ಅನ್ನ, ಮೇಲಿನದು ಎರಡೂ ಸೇರಿಸಿ ತುತ್ತು ತೆಗೆಯಿರಿ. ಆಗ ಒಂದು ತುತ್ತಿನಲ್ಲಿ ರಸ ಜಾಸ್ತಿ, ಇನ್ನೊಂದರಲ್ಲಿ ಬರೀ ಅನ್ನದ ಸಿಹಿ ಸಿಗುತ್ತದೆ. ಬಟ್ಟಲನ್ನು ಕೈಗೆತ್ತಿಕೊಂಡು ಬಾಯಿಯ ಹತ್ತಿರ ತಂದು ತಿನ್ನುವುದು ಅಲ್ಲಿನ ಮರ್ಯಾದೆಯೇ. ಚಾಪ್‌ಸ್ಟಿಕ್ ಹಿಡಿದರೆ ಎರಡು ಮಾತ್ರ ಮಾಡಬೇಡಿ. ಅನ್ನದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಬೇಡಿ, ಸತ್ತವರಿಗೆ ಎಡೆ ಇಡುವ ರೀತಿ ಅದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬೇಡಿ, ದಹನದ ನಂತರ ಅಸ್ಥಿ ಆರಿಸುವಾಗ ಅವರು ಹಾಗೆ ಮಾಡುತ್ತಾರೆ.

ಮನೆಯಲ್ಲಿ ಮಾಡಿ ನೋಡಿದೆ. ಸೋನಾ ಮಸೂರಿ ಉದುರುದುರಾಗಿ ಸಾಸ್ ಎಲ್ಲ ತಳ ಸೇರಿತು. ಜಪಾನೀ ಅಕ್ಕಿಯೇ ಬೇಕಾ? ಇಲ್ಲಿ ಎಲ್ಲಿ ಸಿಗುತ್ತೆ?
*— ಬ್ಯಾಂಕ್ ಉದ್ಯೋಗಿ, ಹರಿಹರ*

ಇದು ನನಗೆ ತುಂಬಾ ಖುಷಿ ಕೊಟ್ಟ ಪ್ರಶ್ನೆ. ಈ ಊಟದಲ್ಲಿ ಅನ್ನವೇ ಮುಖ್ಯ, ಮೇಲಿನದೆಲ್ಲ ಅದಕ್ಕಾಗಿಯೇ. ಜಪಾನೀ ಅಕ್ಕಿ ಗಿಡ್ಡ, ಗುಂಡು. ಅದರಲ್ಲಿ ಅಮೈಲೋಸ್ ಎಂಬ ಪಿಷ್ಟದ ಅಂಶ ಕಡಿಮೆ, ಅದಕ್ಕೇ ಅಂಟುತ್ತದೆ. ಆದರೆ ನೀವು ಇರುವುದು ಭದ್ರಾ ನಾಲೆಯ ಸೀಮೆಯಲ್ಲಿ. ಹರಿಹರ, ಮಲೆಬೆನ್ನೂರು ಸುತ್ತ ಭತ್ತವೇ ಭತ್ತ. ನಾವೆಲ್ಲ ಅಂಗಡಿಗೆ ಹೋದರೆ "ಹಳೇ ಅಕ್ಕಿ ಕೊಡಿ" ಅಂತೀವಿ, ಹೊಸದು ಮುದ್ದೆಯಾಗುತ್ತೆ ಅಂತ ದೂರ ಇಡ್ತೀವಿ. ಈ ಅಡುಗೆಗೆ ಆ ಹೊಸ ಅಕ್ಕಿಯೇ ಬೇಕು! ಜಪಾನಿನಲ್ಲಿ ಶರತ್ಕಾಲಕ್ಕೆ ಬರುವ ಹೊಸ ಅಕ್ಕಿಗೆ ಕಾದು ಕೂರುತ್ತಾರೆ, ಚೀಲದ ಮೇಲೆ ದೊಡ್ಡದಾಗಿ ಬರೆದು ಮಾರುತ್ತಾರೆ. ಸುಗ್ಗಿ ಮುಗಿದ ಮೇಲೆ ಗಿರಣಿಯಲ್ಲಿ ಕೇಳಿ, ಹೊಸ ಸೋನಾ ತನ್ನಿ. ಜಪಾನೀ ಅಕ್ಕಿಯಷ್ಟು ಅಂಟುವುದಿಲ್ಲ, ಆದರೆ ಸಾಸ್ ತಳಕ್ಕೆ ಓಡುವುದು ನಿಲ್ಲುತ್ತದೆ.

ನೀರು ತಿಳಿಯಾಗುವವರೆಗೆ ತೊಳೆಯಿರಿ, ಅರ್ಧ ಗಂಟೆ ನೆನೆಸಿ. ಒಂದು ಲೋಟಕ್ಕೆ ಎರಡು ಲೋಟಕ್ಕಿಂತ ಸ್ವಲ್ಪ ಕಡಿಮೆ ನೀರು. ಉಪ್ಪು, ಎಣ್ಣೆ ಬೇಡ, ಗಂಜಿ ಬಸಿಯುವುದೂ ಬೇಡ. ಬೆಂದ ಮೇಲೆ ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಡಿ.

ಮೇಲೆ ಓಯಾಕೊಡಾನ್ ಮಾಡಿ. ಒಬ್ಬರಿಗೆ 100 ಗ್ರಾಂ ಮೂಳೆ ಇಲ್ಲದ ಲೆಗ್ ಮಾಂಸ, ಅರ್ಧ ಈರುಳ್ಳಿ, ಎರಡು ಮೊಟ್ಟೆ. ದಾಶಿ ಸಿಗದಿದ್ದರೆ ಕೋಳಿ ಮೂಳೆ ಬೇಯಿಸಿದ ನೀರು ಅರ್ಧ ಲೋಟ, ಒಂದೂವರೆ ದೊಡ್ಡ ಚಮಚ ಸೋಯಾ ಸಾಸ್, ಎರಡು ಸಣ್ಣ ಚಮಚ ಸಕ್ಕರೆ. ಇದರಲ್ಲಿ ಈರುಳ್ಳಿ, ಕೋಳಿ ಬೇಯಲಿ. ಮೊಟ್ಟೆಯನ್ನು ಜೋರಾಗಿ ಕಡೆಯಬೇಡಿ, ಬಿಳಿ ಹಳದಿ ಬೇರೆ ಬೇರೆ ಕಾಣಬೇಕು. ಮೊದಲು ಮುಕ್ಕಾಲು ಭಾಗ ಸುರಿದು, ಅದು ಹಿಡಿದುಕೊಂಡಾಗ ಉಳಿದದ್ದು ಹಾಕಿ ಮುಚ್ಚಿ. ಅಲ್ಲಿ ಮೊಟ್ಟೆ ಅರೆಬೆಂದಿರುವಾಗಲೇ ಇಳಿಸುತ್ತಾರೆ. ಇಲ್ಲಿ ಪೂರ್ತಿ ಬೇಯಿಸಿಯೇ ಇಳಿಸಿ ಅಂತೀನಿ. ಹಾಗೇ ಜಾರಿಸಿ ಅನ್ನದ ಮೇಲೆ ಹಾಕಿ.

ಬಿಪಿ ಇದೆ. ತಿನ್ನಬಹುದಾ?
*— ಓದುಗರು, ಹಿರಿಯೂರು*

ಡಾಕ್ಟರ್ ಮಾತೇ ಕೊನೆ. ಅಡುಗೆಯವಳಾಗಿ ಒಂದು ಹೇಳುತ್ತೇನೆ: ಒಂದು ದೊಡ್ಡ ಚಮಚ ಸಾಮಾನ್ಯ ಸೋಯಾ ಸಾಸಿನಲ್ಲಿ ಹೆಚ್ಚು ಕಡಿಮೆ ಎರಡೂವರೆ ಗ್ರಾಂ ಉಪ್ಪಿರುತ್ತದೆ. ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾಸ್ ಅರ್ಧ ಹಾಕಿ ಅಂತ ಹೇಳಿ. ಮಿಸೊ ಸೂಪ್, ಉಪ್ಪಿನಕಾಯಿ ಬಿಟ್ಟುಬಿಡಿ.

ನಾಲ್ಕು ವರ್ಷದ ಮಗುವಿಗೆ ಏನು ಹೇಳಲಿ?
*— ತಾಯಿ, ಜಗಳೂರು*

ಕೋಳಿ, ಮೊಟ್ಟೆ ತಿನ್ನುವ ಮಗುವಾದರೆ ಓಯಾಕೊಡಾನ್. ಮೊಟ್ಟೆ ಪೂರ್ತಿ ಬೆಂದಿರಲಿ ಅಂತ ಹೇಳಿ. ಖಾರವಿಲ್ಲ, ಸ್ವಲ್ಪ ಸಿಹಿ, ಮಕ್ಕಳಿಗೆ ಹಿಡಿಸುತ್ತದೆ. ಕಡ್ಡಿ ಕೇಳಿದರೆ ಮಾಂಸ ಬಿಡಿಸಿ ತಟ್ಟೆಗೆ ಹಾಕಿ, ಕಡ್ಡಿಯನ್ನು ನೀವೇ ಎತ್ತಿಡಿ. ತುದಿ ತುಂಬಾ ಚೂಪು.