ಎರಡು ಪ್ಲಗ್ ಕಪ್ಪು, ಎರಡು ಬಿಳಿ

ಪ್ರಶ್ನೆ: ದೊಡ್ಡಪ್ಪನವರ 1967ರ ಎಂಜಿಬಿ ಸ್ಪೋರ್ಟ್ಸ್ ಕಾರು ಈಗ ನನ್ನ ಹತ್ತಿರ ಇದೆ. ಎರಡು ಎಸ್‌ಯು ಕಂಪನಿಯ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ). ಬಿಸಿಯಾದ ಮೇಲೆ ಐಡ್ಲಿಂಗ್ ಸ್ಥಿರವಾಗಿ ನಿಲ್ಲುವುದಿಲ್ಲ, ಸಂಡೂರಿನ ಕಡೆ ಏರು ಹತ್ತುವಾಗ ಪಿಕಪ್ ಇಲ್ಲ, ಕಾರ್ಬುರೇಟರ್ ಒಳಗಿಂದ ಪಟ್ ಪಟ್ ಸದ್ದು. ಮುಂದಿನ ಎರಡು ಪ್ಲಗ್ ಕಪ್ಪು, ಹಿಂದಿನ ಎರಡು ಬಿಳಿ. ಮೆಕ್ಯಾನಿಕ್ ಎರಡೂ ಮಿಕ್ಸ್‌ಚರ್ ನಟ್ (ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವವು) ತಿರುಗಿಸಿದರು, ಇನ್ನೂ ಕೆಟ್ಟಿತು. ಈಗಿನ ಪೆಟ್ರೋಲೇ ಕಾರಣ ಅಂತಾರೆ, ಹೌದಾ? (ಓದುಗರು, ಕೌಲ್ ಬಜಾರ್, ಬಳ್ಳಾರಿ)

ಉತ್ತರ: ಪ್ಲಗ್ ಬಿಚ್ಚಿ ಬಣ್ಣ ನೋಡಿದ್ದು ಬಹಳ ಒಳ್ಳೆಯದಾಯಿತು, ಅರ್ಧ ಉತ್ತರ ಅಲ್ಲೇ ಇದೆ. ಈ ಎಂಜಿನ್‌ನಲ್ಲಿ 1 ಮತ್ತು 2ನೇ ಸಿಲಿಂಡರಿಗೆ ಮುಂದಿನ ಕಾರ್ಬುರೇಟರ್, 3 ಮತ್ತು 4ಕ್ಕೆ ಹಿಂದಿನದು. ಅಂದರೆ ಮುಂದೆ ಪೆಟ್ರೋಲ್ ಜಾಸ್ತಿ, ಹಿಂದೆ ಗಾಳಿ ಜಾಸ್ತಿ. ಎಥನಾಲ್ ಬೆರೆತ ಪೆಟ್ರೋಲ್ ಮಿಕ್ಸ್‌ಚರನ್ನು ಸ್ವಲ್ಪ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಮಾಡುವುದು ನಿಜ, ಎಥನಾಲಿನಲ್ಲೇ ಆಮ್ಲಜನಕ ಇರುತ್ತದೆ. ಆದರೆ ಪೆಟ್ರೋಲ್ ಎರಡಕ್ಕೂ ಒಂದೇ, ನಮ್ಮೂರ ಬಿಸಿಲೂ ಒಂದೇ. ಅವು ಒಂದನ್ನು ಕಪ್ಪು, ಇನ್ನೊಂದನ್ನು ಬಿಳಿ ಮಾಡುವುದಿಲ್ಲ, ಅಲ್ವಾ? ಹಾಗಾಗಿ ಎರಡು ಬೇರೆ ಬೇರೆ ದೋಷ ಹುಡುಕಬೇಕು.

ಹಿಂದಿನದು ಮೊದಲು. ಕಾರ್ಬುರೇಟರ್ ಒಳಗೆ ಪಟ್ ಅನ್ನುವುದು ಲೀನ್ ಆಗಿರುವ ಗುರುತು, ಎಲ್ಲೋ ಕಳ್ಳಗಾಳಿ ಎಳೆಯುತ್ತಿದೆ. ಈ ಕಾರಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಮಿಶ್ರಣ ಒಳಹೋಗುವ, ಹೊಗೆ ಹೊರಬರುವ ಕೊಳವೆಗಳು) ಎರಡಕ್ಕೂ ಒಂದೇ ಗ್ಯಾಸ್ಕೆಟ್, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯುವ ದಪ್ಪ ವಾಷರ್‌ಗಳು. ಎಕ್ಸಾಸ್ಟ್ ಕಡೆಯ ಅಂಚು ಒಂಚೂರು ದಪ್ಪ ಇದ್ದರೂ ವಾಷರ್ ಓರೆಯಾಗಿ ಕೂತು ಇನ್‌ಲೆಟ್ ಸಡಿಲ ಉಳಿಯುತ್ತದೆ, ನಟ್ ಎಷ್ಟು ಬಿಗಿ ಮಾಡಿದರೂ ಅಷ್ಟೇ. ಅಲ್ಲೇ ನೋಡಿ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಥ್ರಾಟಲ್ ಸ್ಪಿಂಡಲ್ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ) ಸವೆತವನ್ನೂ ನೋಡಿ. ಕ್ಲೀನರ್ ಸ್ಪ್ರೇ ಹೊಡೆದು ಪರೀಕ್ಷೆ ಮಾಡುತ್ತಾರೆ, ಆದರೆ ಎಕ್ಸಾಸ್ಟ್ ಅದೇ ಬದಿಯಲ್ಲಿದೆ, ಬಿಸಿ ಎಂಜಿನ್ ಮೇಲೆ ದಯವಿಟ್ಟು ಹೊಡೆಯಬೇಡಿ, ಬೆಂಕಿ ಹತ್ತುತ್ತದೆ.

ಮುಂದಿನದಕ್ಕೆ: ಚೋಕ್ ಒಳಗೆ ತಳ್ಳಿದ ಮೇಲೆ ಜೆಟ್ (ಪೆಟ್ರೋಲ್ ಬರುವ ಸಣ್ಣ ಕೊಳವೆ) ಪೂರ್ತಿ ಮೇಲಕ್ಕೆ ವಾಪಸ್ ಹೋಗುತ್ತದಾ? ಕೇಬಲ್ ಬಿಗಿಯಿದ್ದರೆ ಹೋಗುವುದಿಲ್ಲ, ಚೋಕ್ ಸದಾ ಎಳೆದಂತೆಯೇ. ಪೆಟ್ರೋಲ್ ಒಳಬರುವುದನ್ನು ತಡೆಯುವ ಫ್ಲೋಟ್ ಸೂಜಿಯಲ್ಲಿ ಕಸ ಸಿಕ್ಕಿದರೂ ಓವರ್‌ಫ್ಲೋ ಆಗುತ್ತದೆ. ಹಳೇ ರಬ್ಬರ್ ಪೈಪು ಎಥನಾಲಿಗೆ ಕರಗಿ ಉದುರಿಸುವ ಚೂರೇ ಹಲವು ಸಲ ಆ ಕಸ. ಪೈಪು ಬದಲಿಸಿ. ಅದಿರು ಲಾರಿಗಳ ಕೆಂಪು ದೂಳು ಕೂತ ಏರ್ ಫಿಲ್ಟರನ್ನೂ.

ಇಷ್ಟಾದ ಮೇಲೆ ಇಗ್ನಿಷನ್ ಪಾಯಿಂಟ್ ಗ್ಯಾಪ್, ಟ್ಯಾಪೆಟ್ (ವಾಲ್ವ್ ಅಂತರ) ಸರಿ ಮಾಡಿ. ನಂತರವೇ ಮಿಕ್ಸ್‌ಚರ್. ಎರಡೂ ಮಿಕ್ಸ್‌ಚರ್ ನಟ್ ಪೂರ್ತಿ ಮೇಲೆ ಬಿಗಿ ಮಾಡಿ, ಅಲ್ಲಿಂದ ಎರಡು ಸುತ್ತು ಕೆಳಗೆ. ಎಂಜಿನ್ ಬಿಸಿ ಮಾಡಿ, ಸಣ್ಣ ಪೈಪು ಕಿವಿಗಿಟ್ಟು ಎರಡರ ಗಾಳಿ ಸದ್ದು ಒಂದೇ ಆಗುವಂತೆ ಐಡ್ಲಿಂಗ್ ಸ್ಕ್ರೂ ಹೊಂದಿಸಿ. ಆಮೇಲೆ ಒಂದು ಕಾರ್ಬುರೇಟರ್ ಒಳಗಿನ ಪಿಸ್ಟನ್ ಒಂದು ಮಿಲಿಮೀಟರಿನಷ್ಟು ಎತ್ತಿ. ಎಂಜಿನ್ ವೇಗ ಏರಿ ಹಾಗೇ ಉಳಿದರೆ ರಿಚ್ (ಪೆಟ್ರೋಲ್ ಜಾಸ್ತಿ), ತಕ್ಷಣ ಬಿದ್ದರೆ ಲೀನ್, ಚೂರು ಏರಿ ಇಳಿದರೆ ಸರಿ. ರಿಚ್ ಇದ್ದರೆ ನಟ್ ಮೇಲಕ್ಕೆ, ಲೀನ್ ಇದ್ದರೆ ಕೆಳಕ್ಕೆ, ಒಂದು ಸಲಕ್ಕೆ ನಟ್ಟಿನ ಒಂದೇ ಮುಖ. ಆ ಪಿಸ್ಟನ್ ಮೇಲಿನ ಡ್ಯಾಶ್‌ಪಾಟ್‌ನಲ್ಲಿ (ಎಣ್ಣೆ ತುಂಬುವ ಕೊಳವೆ) ಎಣ್ಣೆ ಇಲ್ಲದಿದ್ದರೂ ಪಿಕಪ್ ಸಾಯುತ್ತದೆ, ನೋಡಲು ಒಂದು ನಿಮಿಷ ಸಾಕು.

ಪ್ರಶ್ನೆ: ನಮ್ಮದೂ ಅದೇ ಕಾರು. ಬಿಸಿಲಲ್ಲಿ ಓಡಿಸಿ ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲ್ಲ, ಪೆಟ್ರೋಲ್ ವಾಸನೆ ಬರುತ್ತದೆ. (ಓದುಗರು, ರಾಯಚೂರು)

ಉತ್ತರ: ಎಂಜಿನ್ ಬಿಸಿಗೆ ಫ್ಲೋಟ್ ಚೇಂಬರ್‌ನಲ್ಲಿನ (ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಕುದ್ದು ಒಳಗೆ ಸುರಿದಿರುತ್ತದೆ. ಚೋಕ್ ಮುಟ್ಟಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಕಾರ್ಬುರೇಟರ್ ಹಿಂದಿನ ತಗಡಿನ ಹೀಟ್ ಶೀಲ್ಡ್ ಇದೆಯಾ ನೋಡಿ, ರಿಪೇರಿ ಮಾಡುವವರು ಸುಮ್ನೆ ಬಿಚ್ಚಿ ಇಟ್ಟುಬಿಡುತ್ತಾರೆ. ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.